ಹೊಣೆ ನನ್ನದು ಎಂದರೆ ಏನರ್ಥ?



ನಿಮ್ಮ ಮನೆಯಲ್ಲೋ ನೆಂಟರಲ್ಲೋ ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುವ ಅಣ್ಣನೋ ಅಕ್ಕನೋ ಇದ್ದರೆ ‘ಲೇ-ಆಫ್’ ಎಂಬ ಮಾತು ನಿಮ್ಮ ಕಿವಿಗೆ ಬಿದ್ದೇ ಇರುತ್ತದೆ. ನಮ್ಮ ಕಾರ್ಮಿಕ ಕಾನೂನಿನಲ್ಲಿ ಈ ಪದಕ್ಕೆ ಬೇರೆ ಅರ್ಥವಿದೆ. ವಿದ್ಯುತ್ತೋ ಕಚ್ಚಾಮಾಲೋ ಇಲ್ಲದೆ ಕಾರ್ಖಾನೆ ಕೆಲವು ದಿನ ಕೆಲಸ ಕೊಡಲಾರದೆ ಹೋದರೆ ಅದು ಲೇ-ಆಫ್. ಕಾರ್ಮಿಕನ ಹೆಸರು ಹಾಜರಿ ಪುಸ್ತಕದಲ್ಲಿ ಉಳಿದೇ ಇರುತ್ತದೆ. ಕೆಲಸದಿಂದಲೇ ತೆಗೆದುಹಾಕಿದರೆ ಅದು ‘ರಿಟ್ರೆಂಚ್‌ಮೆಂಟ್’. ಅಮೆರಿಕದ ಕಂಪನಿಗಳು ಇದನ್ನೂ ಲೇ-ಆಫ್ ಎಂದೇ ಕರೆಯುತ್ತವೆ. ಆ ರೂಢಿ ಈಗ ನಮ್ಮಲ್ಲಿಗೂ ಬಂದಿದೆ.

ಕೆಲಸ ಹೋದವರಿಗೆ ದುಃಖವಾಗುವುದು ಸಹಜ. ಆದರೆ ಕೆಲಸ ಉಳಿದವರಿಗೂ ಸಿಟ್ಟು ಬರುತ್ತದೆ, ಅದೂ ತಮ್ಮ ನಾಯಕರ ಮೇಲೆ. ಇದು ಏಕೆ ಎಂದು ತಿಳಿಯಲು ಗೂಗಲ್ ಕಂಪನಿಯಲ್ಲಿ 2023ರಲ್ಲಿ ನಡೆದದ್ದನ್ನು ನೋಡೋಣ.

ಆ ವರ್ಷದ ಜನವರಿ 20, ಶುಕ್ರವಾರ. ಮುಖ್ಯ ಕಾರ್ಯನಿರ್ವಾಹಕ ಸುಂದರ್ ಪಿಚೈ ಅವರಿಂದ ನೌಕರರಿಗೆಲ್ಲ ಒಂದು ಇ-ಮೇಲ್ ಬಂತು. ಸುಮಾರು 12,000 ಹುದ್ದೆಗಳನ್ನು, ಎಂದರೆ ನೂರಕ್ಕೆ ಆರರಷ್ಟನ್ನು, ಕಡಿಮೆ ಮಾಡುತ್ತಿದ್ದೇವೆ. ಬೇರೆಯೇ ಆರ್ಥಿಕ ಪರಿಸ್ಥಿತಿಗೆಂದು ಜನರನ್ನು ಸೇರಿಸಿಕೊಂಡಿದ್ದೆವು. ಇಲ್ಲಿಗೆ ತಂದು ನಿಲ್ಲಿಸಿದ ನಿರ್ಧಾರಗಳ ಪೂರ್ಣ ಹೊಣೆ ನನ್ನದು ಎಂಬುದು ಅದರ ಸಾರ. ಮಾತೃಸಂಸ್ಥೆ ಆಲ್ಫಬೆಟ್‌ನಲ್ಲಿ 2019ರ ಕೊನೆಗೆ ಸುಮಾರು 1 ಲಕ್ಷ 19 ಸಾವಿರ ನೌಕರರಿದ್ದರು. 2022ರ ಕೊನೆಗೆ ಅದು 1 ಲಕ್ಷ 90 ಸಾವಿರವಾಗಿತ್ತು. ಸೇರಿಸಿಕೊಂಡವರು ಯಾರು? ಇದೇ ನಾಯಕರು.

ಅಮೆರಿಕದಲ್ಲಿ ಅನೇಕರಿಗೆ ವಿಷಯ ತಿಳಿದ ಬಗೆಯೇ ಬೇರೆ. ಬೆಳಿಗ್ಗೆ ಎದ್ದು ಕಂಪ್ಯೂಟರ್ ತೆರೆದರೆ ಕಚೇರಿಯ ಖಾತೆಗೆ ಪ್ರವೇಶವೇ ಇಲ್ಲ. ಹತ್ತು ಹದಿನೈದು ವರ್ಷ ದುಡಿದವರೂ ಇವರಲ್ಲಿದ್ದರು. ತಮ್ಮ ತಂಡದಲ್ಲಿ ಯಾರ ಕೆಲಸ ಹೋಯಿತೆಂಬುದು ಎಷ್ಟೋ ಮ್ಯಾನೇಜರುಗಳಿಗೂ ಮೊದಲೇ ಗೊತ್ತಿರಲಿಲ್ಲ. ಜೊತೆಯವರಿಗೆ ‘ಹೋಗಿ ಬರುತ್ತೇನೆ’ ಎನ್ನುವುದಕ್ಕೂ ಅವಕಾಶವಾಗಲಿಲ್ಲ.

ಕಂಪನಿ ಕೊಟ್ಟ ಪರಿಹಾರ ಕಡಿಮೆಯದಲ್ಲ ಎಂಬುದನ್ನೂ ಹೇಳಬೇಕು. ಅಮೆರಿಕದ ನೌಕರರಿಗೆ 60 ದಿನಗಳ ನೋಟೀಸು ಅವಧಿಯ ಸಂಬಳ, ಅದರ ಮೇಲೆ 16 ವಾರಗಳ ಸಂಬಳ, ಸೇವೆಯ ಪ್ರತಿ ಹೆಚ್ಚುವರಿ ವರ್ಷಕ್ಕೆ ಇನ್ನೂ ಎರಡು ವಾರದ್ದು. ಹಾಗಾದರೆ ಸಿಟ್ಟೇಕೆ?

ನಿಮಗೆ ಪರಿಚಯವಿರುವ ಒಂದು ಸಂದರ್ಭ ಊಹಿಸಿಕೊಳ್ಳಿ. ಕಾಲೇಜಿನ ಪ್ರವಾಸಕ್ಕೆ ಮುಂದಾಳು ಲೆಕ್ಕ ತಪ್ಪಿ ಎಂಬತ್ತು ಜನರನ್ನು ಸೇರಿಸುತ್ತಾನೆ. ಬಸ್ಸಿನಲ್ಲಿ ಇರುವುದು ಐವತ್ತೇ ಸೀಟು. ‘ತಪ್ಪು ನನ್ನದೇ’ ಎನ್ನುತ್ತಾನೆ, ಮೂವತ್ತು ಹೆಸರು ಹೊಡೆದು ಹಾಕುತ್ತಾನೆ, ತಾನು ಮುಂದಿನ ಸೀಟಿನಲ್ಲಿ ಕೂರುತ್ತಾನೆ. ಬಸ್ಸಿನೊಳಗೆ ಉಳಿದವರಿಗಾದರೂ ನೆಮ್ಮದಿ ಇರುತ್ತದೆಯೇ?

ಗೂಗಲ್‌ನಲ್ಲಿ ಆದದ್ದು ಹೆಚ್ಚುಕಡಿಮೆ ಇದೇ. ಆಲ್ಫಬೆಟ್‌ನ 2022ರ ನಿವ್ವಳ ಲಾಭ ಸುಮಾರು 6,000 ಕೋಟಿ ಡಾಲರ್. ಹಿಂದಿನ ವರ್ಷಕ್ಕಿಂತ ಕಡಿಮೆ, ನಿಜ. ಆದರೂ ನಷ್ಟದ ಮಾತೇ ಇಲ್ಲ. 2023ರ ಏಪ್ರಿಲ್‌ನಲ್ಲಿ ಹೊರಬಂದ ದಾಖಲೆಯಂತೆ ಪಿಚೈ ಅವರ 2022ರ ಒಟ್ಟು ಸಂಭಾವನೆ ಸುಮಾರು 22 ಕೋಟಿ 60 ಲಕ್ಷ ಡಾಲರ್. ಅದೇ ತಿಂಗಳು ಕಂಪನಿ ತನ್ನ ಷೇರುಗಳನ್ನು ತಾನೇ ಮರಳಿ ಕೊಳ್ಳಲು 7,000 ಕೋಟಿ ಡಾಲರ್‌ವರೆಗೆ ಮಂಜೂರು ಮಾಡಿತು. ಪಿಚೈ ಅವರ ಸಂಭಾವನೆಯಲ್ಲಿ ಬಹುಪಾಲು ಮೂರು ವರ್ಷಕ್ಕೊಮ್ಮೆ ಕೊಡುವ ಷೇರು. ಹಿರಿಯ ಅಧಿಕಾರಿಗಳ ಬೋನಸ್ಸಿಗೆ ಕತ್ತರಿ ಹಾಕುವುದಾಗಿ ಅವರು ಜನವರಿಯಲ್ಲೇ ಹೇಳಿಯೂ ಇದ್ದರು. ಲೆಕ್ಕಪತ್ರ ಬಲ್ಲವರಿಗೆ ಇದೆಲ್ಲ ಅರ್ಥವಾಗುತ್ತದೆ. ಮನೆ ಬಾಡಿಗೆ ಕಟ್ಟುವುದು ಹೇಗೆಂದು ಚಿಂತಿಸುವ ನೌಕರನಿಗೆ ‘ಪೂರ್ಣ ಹೊಣೆ’ ಎಂಬ ಮಾತು ಮಾತ್ರ ನೆನಪಿರುತ್ತದೆ.

ಸಿಟ್ಟಾದವರು ಬರೇ ಗೊಣಗಿ ಸುಮ್ಮನಾದರೆಂದು ತಿಳಿಯಬೇಡಿ. ಮಾರ್ಚ್‌ನಲ್ಲಿ ಸುಮಾರು 1,400 ಮಂದಿ ಒಂದು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಕಡಿತ ನಡೆಯುವಾಗ ಹೊಸ ನೇಮಕ ನಿಲ್ಲಿಸಿ, ತಾವಾಗಿ ಬಿಡಲು ಸಿದ್ಧರಿರುವವರನ್ನು ಮೊದಲು ಕೇಳಿ, ಹೆರಿಗೆ ರಜೆಯಲ್ಲಿರುವವರಿಗೆ ಆ ರಜೆ ಮುಗಿಸಲು ಬಿಡಿ ಎಂಬುದು ಅವರ ಬೇಡಿಕೆ. ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಕಚೇರಿಯವರಂತೂ ಕೆಲಸ ಬಿಟ್ಟು ಹೊರಗೆ ಬಂದು ಪ್ರತಿಭಟಿಸಿದರು. ನಮ್ಮ ಸಂಬಳವನ್ನೂ ಕೆಲಸದ ಅವಧಿಯನ್ನೂ ಕಡಿಮೆ ಮಾಡಿ, ಜೊತೆಯವರನ್ನು ಉಳಿಸಿ ಎಂದು ಅಲ್ಲಿನ ನೌಕರರು ಮುಂದೆ ಬಂದಿದ್ದರೆಂದೂ ಕಂಪನಿ ಅದನ್ನು ಒಪ್ಪಲಿಲ್ಲವೆಂದೂ ಅಲ್ಲಿನ ಕಾರ್ಮಿಕ ಸಂಘ ಹೇಳಿತು. ಹೊಣೆ ಹೊರಲು ಕೆಳಗಿನವರೇ ಹೆಗಲು ಕೊಟ್ಟಿದ್ದರು, ನೋಡಿ.

ನಮ್ಮ ನಾಡಿನಿಂದ ಅಮೆರಿಕಕ್ಕೆ ಹೋದವರ ಪಾಡು ಇನ್ನೂ ಬಿಗಿ. ಎಚ್-1ಬಿ ವೀಸಾದಲ್ಲಿ ಇರುವವರು ಕೆಲಸ ಮುಗಿದ ದಿನದಿಂದ ಸಾಮಾನ್ಯವಾಗಿ 60 ದಿನಗಳೊಳಗೆ ಬೇರೆ ಕೆಲಸವನ್ನೋ ಬೇರೆ ವೀಸಾವನ್ನೋ ಹುಡುಕಿಕೊಳ್ಳಬೇಕು, ಇಲ್ಲವೆಂದರೆ ದೇಶ ಬಿಡಬೇಕು. ಮಕ್ಕಳ ಶಾಲೆ ನಡುವರ್ಷದಲ್ಲಿರುತ್ತದೆ, ಮನೆಯ ಸಾಲ ಇರುತ್ತದೆ.

ಬೇರೆ ದಾರಿಯೇ ಇಲ್ಲವೇ ಎಂದು ನೀವು ಕೇಳಬಹುದು. ಜಪಾನಿನ ನಿಂಟೆಂಡೊ ವಿಡಿಯೊ ಗೇಮ್ ಕಂಪನಿಯೆಂದು ನಿಮಗೆ ಗೊತ್ತು. ಅದರ ವಹಿವಾಟು ಕುಸಿದಾಗ, 2014ರ ಜನವರಿಯಲ್ಲಿ, ಅಧ್ಯಕ್ಷ ಸತೊರು ಇವಾಟಾ ಐದು ತಿಂಗಳ ಕಾಲ ತಮ್ಮ ಸಂಬಳವನ್ನು ಅರ್ಧಕ್ಕೆ ಇಳಿಸಿಕೊಂಡರು. ಉಳಿದ ನಿರ್ದೇಶಕರ ಸಂಬಳವೂ ಇಳಿಯಿತು. ನಾಳೆ ನನ್ನನ್ನು ತೆಗೆಯುತ್ತಾರೋ ಏನೋ ಎಂದು ಹೆದರುತ್ತ ಕೂತವರು ಜಗತ್ತು ಮೆಚ್ಚುವ ಆಟಗಳನ್ನು ಮಾಡಲಾರರು ಎಂಬ ಅರ್ಥದ ಮಾತನ್ನು ಅವರು ಹಿಂದಿನ ವರ್ಷವೇ ಷೇರುದಾರರಿಗೆ ಹೇಳಿದ್ದರು. ಅವರನ್ನು ದೇವರಪೀಠದಲ್ಲಿ ಕೂರಿಸಬೇಕಿಲ್ಲ. ಅದೇ ವರ್ಷ ಆ ಕಂಪನಿಯ ಯುರೋಪಿನ ಶಾಖೆಯಲ್ಲೂ ಹುದ್ದೆಗಳು ಹೋದವು. ಆದರೂ ಹೊಣೆ ಎಂಬ ಮಾತಿಗೆ ಒಂದು ಅಂಕಿ ಇತ್ತು, ಅದನ್ನು ಎಲ್ಲರೂ ಕಂಡರು.

2023ರ ಡಿಸೆಂಬರ್‌ನಲ್ಲಿ ಗೂಗಲ್‌ನ ನೌಕರರ ಸಭೆಯಲ್ಲಿ ಒಬ್ಬರು ಈ ಕಡಿತದ ಫಲವೇನೆಂದು ಕೇಳಿದರು. ಪಿಚೈ ಉತ್ತರಿಸಿದರು: ಕಡಿತ ಮಾಡದಿದ್ದರೆ ಮುಂದೆ ಇನ್ನೂ ಕಷ್ಟವಾಗುತ್ತಿತ್ತು, ನೌಕರರ ಮನೋಬಲಕ್ಕೆ ಪೆಟ್ಟು ಬಿದ್ದದ್ದು ನಿಜ, ತಿಳಿಸಿದ ರೀತಿ ಸರಿಯಿರಲಿಲ್ಲ. ಮರುತಿಂಗಳು, 2024ರ ಜನವರಿಯಲ್ಲಿ, ಇನ್ನೂ ನೂರಾರು ಮಂದಿಯ ಕೆಲಸ ಹೋಯಿತು.

ನಿಮ್ಮ ಅಣ್ಣನೋ ಅಕ್ಕನೋ ಇಂಥದನ್ನು ಕಂಡವರಾಗಿದ್ದರೆ, ಬಿಡುವಾಗಿರುವಾಗ ಒಮ್ಮೆ ಹತ್ತಿರ ಕೂತು ಕೇಳಿ: ಆ ದಿನ ನಿಮಗೆ ವಿಷಯ ಹೇಳಿದವರು ಯಾರು? ಎದುರಿಗೆ ಬಂದು ಹೇಳಿದರೇ?