ಅಮ್ಮನ ‘ಹಲೋ’ ಮತ್ತು ಮಂಗನ ಮಿದುಳು

ಇಯರ್‌ಫೋನ್ ಸರಿ ಮಾಡ್ಕೊಳ್ಳಿ, ಇವತ್ತು ದನಿಯದ್ದೇ ಕಥೆ.

ಗೊತ್ತಿಲ್ಲದ ನಂಬರಿಂದ ಫೋನ್ ಬರುತ್ತೆ. ಆ ಕಡೆಯಿಂದ ಬರೀ ‘ಹಲೋ’. ಅಷ್ಟಕ್ಕೇ ನೀವು ‘ಏನಮ್ಮಾ, ಯಾರ ಫೋನಿದು?’ ಅಂತೀರಿ. ಅಮ್ಮ ಇನ್ನೂ ವಿಷಯಕ್ಕೇ ಬಂದಿಲ್ಲ, ಯಾರು ಅನ್ನೋದು ಗೊತ್ತಾಗೋಯ್ತು. ಈ ಶಕ್ತಿ ಮನುಷ್ಯರಿಗಷ್ಟೇ ಸೇರಿದ್ದಲ್ಲ.

ಕೀನ್ಯಾದ ಅಂಬೊಸೆಲಿಯಲ್ಲಿ ವರ್ವೆಟ್ ಅನ್ನೋ ಮಂಗಗಳಿವೆ. ಡೊರೊತಿ ಚೀನಿ, ರಾಬರ್ಟ್ ಸೈಫರ್ತ್ ದಂಪತಿ ಅಲ್ಲಿ ಮರಿಗಳ ಕಿರುಚಾಟ ರೆಕಾರ್ಡ್ ಮಾಡ್ಕೊಂಡ್ರು. ಆಮೇಲೆ ಸ್ಪೀಕರ್ ಬಚ್ಚಿಟ್ಟು, ಕೆಲವು ತಾಯಿ ಮಂಗಗಳು ಹತ್ತಿರ ಇದ್ದಾಗ ಒಂದು ಮರಿಯ ದನಿ ಕೇಳಿಸಿದ್ರು. ಆ ಮರಿಯ ತಾಯಿ ಸ್ಪೀಕರ್ ಕಡೆಗೇ ನೋಡ್ತಾ ಉಳೀತು. ಉಳಿದ ಹೆಣ್ಣುಮಂಗಗಳು? ಅವು ಆ ತಾಯಿಯ ಮುಖ ನೋಡಿದ್ವು! ಯಾರ ಮಗು ಅಳ್ತಿದೆ ಅಂತ ಇಡೀ ಕೇರಿಗೇ ಗೊತ್ತು. 1980ರಲ್ಲಿ ಇದು ಪ್ರಕಟವಾಯ್ತು. ನನಗಂತೂ ಮಂಗಗಳ ಬಗ್ಗೆ ಇದಕ್ಕಿಂತ ಚಂದದ ಪ್ರಯೋಗ ಗೊತ್ತಿಲ್ಲ.

ಇದೆಲ್ಲ ಮಿದುಳಲ್ಲಿ ಎಲ್ಲಿ ನಡೆಯುತ್ತೆ? ಮನುಷ್ಯರ ದನಿಗೇ ಹೆಚ್ಚು ಸ್ಪಂದಿಸೋ ಜಾಗಗಳು ನಮ್ಮ ಮಿದುಳಲ್ಲಿವೆ ಅಂತ 2000ದಲ್ಲಿ ಪಾಸ್ಕಲ್ ಬೆಲಿನ್ ತಂಡ ತೋರಿಸಿತ್ತು. 2008ರಲ್ಲಿ ಜರ್ಮನಿಯ ಟ್ಯೂಬಿಂಗನ್‌ನಲ್ಲಿ ಕ್ರಿಸ್ಟೊಫರ್ ಪೆಟ್ಕೊವ್ ತಂಡ ರೀಸಸ್ ಮಂಗಗಳನ್ನ ಎಂಆರ್‌ಐ ಸ್ಕ್ಯಾನರ್‌ನಲ್ಲಿಟ್ಟು ನೋಡಿತು. (ನಮ್ಮ ದೇವಸ್ಥಾನಗಳಲ್ಲಿ ಬಾಳೆಹಣ್ಣು ಕಿತ್ಕೊಳ್ಳೋ ಕೋತಿಗಳಿಗೆ ಇವು ಹತ್ತಿರದ ನೆಂಟರು.) ಬೇರೆ ಪ್ರಾಣಿಗಳ ಕೂಗು, ಪರಿಸರದ ಸದ್ದುಗಳಿಗಿಂತ ತಮ್ಮ ಜಾತಿಯ ದನಿಗೇ ಹೆಚ್ಚು ಚುರುಕಾಗೋ ಒಂದು ಜಾಗ ಸಿಕ್ತು, ಮಿದುಳಿನ ಪಕ್ಕದಲ್ಲಿರೋ ಟೆಂಪೊರಲ್ ಹಾಲೆಯ ಮುಂಭಾಗದಲ್ಲಿ. ಇನ್ನೂ ಸ್ವಾರಸ್ಯ ಏನಂದ್ರೆ, ಒಂದೇ ಮಂಗ ಬೇರೆ ಬೇರೆ ಥರ ಕೂಗಿದ್ದಕ್ಕಿಂತ, ಒಂದೇ ಥರದ ಕೂಗನ್ನ ಬೇರೆ ಬೇರೆ ಮಂಗಗಳು ಕೂಗಿದಾಗ ಆ ಜಾಗ ಜಾಸ್ತಿ ಸ್ಪಂದಿಸ್ತು. ಅಂದ್ರೆ ಅದರ ಕಾಳಜಿ ‘ಏನು’ ಅನ್ನೋದಕ್ಕಿಂತ ‘ಯಾರು’ ಅನ್ನೋದು.

ನಮ್ಮಲ್ಲೂ ಇವೆರಡು ಬೇರೆಬೇರೆ. ಮಿದುಳಿಗೆ ಪೆಟ್ಟಾದ ಕೆಲವರಿಗೆ ಮಾತು ಪೂರ್ತಿ ಅರ್ಥ ಆಗುತ್ತೆ, ಆದ್ರೆ ಮಾತಾಡ್ತಿರೋದು ಹೆಂಡತಿನಾ, ಪಕ್ಕದ ಮನೆಯವರಾ ಅನ್ನೋದು ಗೊತ್ತಾಗಲ್ಲ.

ಎಐ ಬಳಸಿ ದನಿ ನಕಲು ಮಾಡೋ ವಂಚಕರು ಕೈ ಹಾಕೋದು ಇಲ್ಲಿಗೇ. ಕಾಡಲ್ಲಿ ಸ್ಪೀಕರ್‌ಗೆ ಆ ತಾಯಿಮಂಗ ಏಮಾರಿದ ಹಾಗೇ ನಾವೂ ಏಮಾರ್ತೀವಿ, ಇದರಲ್ಲಿ ದಡ್ಡತನ ಏನಿಲ್ಲ. ಅಮ್ಮನ ದನೀಲಿ ಅರ್ಜೆಂಟಾಗಿ ದುಡ್ಡು ಕೇಳಿದ್ರೆ, ಕಾಲ್ ಕಟ್ ಮಾಡಿ, ನಿಮ್ಮ ಹತ್ರ ಇರೋ ಅಮ್ಮನ ನಂಬರಿಗೆ ನೀವೇ ವಾಪಸ್ ಫೋನ್ ಮಾಡಿ.