ಕೈಗೆ ಬರುವ ಪಾಠ



ನಮ್ಮ ಬೆಂಗಳೂರಿನ ರಾಜಾಜಿನಗರ ಕೈಗಾರಿಕಾ ಪ್ರದೇಶದಲ್ಲಿ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರವಿದೆ. ನಾವೆಲ್ಲ ಜಿಟಿಟಿಸಿ ಎನ್ನುವ ಈ ಸಂಸ್ಥೆ ಡೆನ್ಮಾರ್ಕ್ ಸರ್ಕಾರದ ಸಹಯೋಗದಲ್ಲಿ 1972ರಲ್ಲಿ ಶುರುವಾಯಿತು. ಅಲ್ಲಿ ಕಲಿಸುವ ಟೂಲ್, ಡೈ ಮಾಡುವ ಕಸುಬು ಯಂತ್ರದ ಮುಂದೆ ನಿಂತೇ ಕಲಿಯುವಂಥದ್ದು. ಈಗ ಇಂಥ ಕಸುಬು ಕಲಿಯುವ ಮಕ್ಕಳೂ ಮೊದಲು ಮೊಬೈಲಿನಲ್ಲಿ ವಿಡಿಯೊ ನೋಡುತ್ತಾರೆ. ನೋಡಲಿ. ಆದರೆ ಆ ವಿಡಿಯೊ ಹೇಗಿರಬೇಕು?

ಮೊದಲು, ಬರೀ ನೋಡುವುದರ ಮಿತಿ ತಿಳಿಯೋಣ. ಸಂಶೋಧಕರಾದ ಮೈಕೆಲ್ ಕಾರ್ಡಾಸ್ ಮತ್ತು ಎಡ್ ಓಬ್ರಿಯನ್ 2018ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಡಾರ್ಟ್ ಎಸೆಯುವ ವಿಡಿಯೊವನ್ನು ಕೆಲವರಿಗೆ ಒಂದು ಸಲ, ಕೆಲವರಿಗೆ 20 ಸಲ ತೋರಿಸಿದರು. ಹೆಚ್ಚು ಸಲ ನೋಡಿದವರಿಗೆ ಧೈರ್ಯ ಹೆಚ್ಚಿತು, ಗುರಿ ಮಾತ್ರ ಸುಧಾರಿಸಲಿಲ್ಲ. ಕೈಯ ಬಿಗಿ, ವಸ್ತುವಿನ ತೂಕ ತೆರೆಯ ಮೇಲೆ ಕಾಣುವುದಿಲ್ಲವಲ್ಲ! ಲೇತ್‌ನ ಫೀಡ್ ಹ್ಯಾಂಡಲ್ ಎಷ್ಟು ತಿರುಗಿಸಬೇಕೆಂಬುದೂ ಹಾಗೆಯೇ. ಧೈರ್ಯವನ್ನೇ ಕೌಶಲವೆಂದು ನಂಬಿದರೆ ಯಂತ್ರಕ್ಕೆ ಹಾಕಿದ ಜಾಬ್ ಕೆಡುತ್ತದೆ.

ಕ್ಯಾಮೆರಾ ಎಲ್ಲಿರಬೇಕು ಎಂಬುದೂ ಮುಖ್ಯ. ಎಲೆಕ್ಟ್ರಾನಿಕ್ ಸರ್ಕ್ಯೂಟ್ ಜೋಡಿಸುವುದನ್ನು ಎದುರಿನಿಂದ ಚಿತ್ರಿಸಿದಾಗ ಎಡ ಬಲ ತಿರುವುಮುರುವಾಗುತ್ತದೆ. ಮಾಡುವವರ ಕಣ್ಣಿನ ಕಡೆಯಿಂದಲೇ ಚಿತ್ರಿಸಿದ್ದನ್ನು ನೋಡಿದವರು ಹೆಚ್ಚು ಸರಿಯಾಗಿ ಜೋಡಿಸಿದರು ಎಂದು 2017ರಲ್ಲಿ ಲೋಗನ್ ಫಿಯೊರೆಲ್ಲಾ ಮತ್ತು ಸಂಗಡಿಗರು ತೋರಿಸಿದರು.

ನೋಡುವುದನ್ನೂ ಮಾಡುವುದನ್ನೂ ಬೆಸೆದ ನಮ್ಮದೇ ಪ್ರಯತ್ನ ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್. ತಂತ್ರಾಂಶ ಕಲಿಸುವ ಸುಮಾರು ಹತ್ತು ನಿಮಿಷದ ಪಾಠಗಳು, ಅನೇಕವು ಕನ್ನಡದಲ್ಲೂ ಇವೆ. ಪರದೆಯ ಒಂದು ಪಕ್ಕ ವಿಡಿಯೊ, ಇನ್ನೊಂದು ಪಕ್ಕ ತಂತ್ರಾಂಶ. ಒಂದು ಹೆಜ್ಜೆ ನೋಡಿ, ನಿಲ್ಲಿಸಿ, ಅದನ್ನೇ ಮಾಡಿ ಮುಂದಕ್ಕೆ ಹೋಗುವುದು ಅದರ ಕ್ರಮ.

ಇನ್ನು ಆಸಕ್ತಿಯ ಮಾತು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾ ಕೇಂದ್ರದಲ್ಲಿ ಹುಟ್ಟಿದ ಡಿಜಿಟಲ್ ಗ್ರೀನ್ ಯೋಜನೆ, ಸ್ಥಳೀಯ ರೈತರನ್ನೇ ಚಿತ್ರಿಸಿ ಅಕ್ಕಪಕ್ಕದ ರೈತರಿಗೆ ತೋರಿಸಿತು. ಊರಿನವರೇ ಒಬ್ಬರು ನಡುವೆ ವಿಡಿಯೊ ನಿಲ್ಲಿಸಿ ಪ್ರಶ್ನೆ ಕೇಳುತ್ತಿದ್ದರು. 16 ಹಳ್ಳಿಗಳ ಪ್ರಯೋಗದಲ್ಲಿ, ಅದೇ ಖರ್ಚಿಗೆ, ರೂಢಿಯ ಕೃಷಿ ವಿಸ್ತರಣೆಗಿಂತ ಇದು ಸುಮಾರು ಹತ್ತು ಪಟ್ಟು ಪರಿಣಾಮಕಾರಿಯಾಯಿತು. ನಮ್ಮಂಥವರೇ ಮಾಡಿದ್ದಾರೆ ಎಂದು ಕಂಡಾಗ ನಾವೂ ಮಾಡೋಣ ಎನಿಸುತ್ತದೆ.

ಸಭೆಯಲ್ಲಿರುವ ಐಟಿಐ, ಪಾಲಿಟೆಕ್ನಿಕ್ ಮೇಷ್ಟ್ರುಗಳಲ್ಲಿ ನನ್ನದೊಂದು ಕೋರಿಕೆ. ಸ್ಟುಡಿಯೊ, ಸಂಗೀತ ಬೇಡ. ನಿಮ್ಮದೇ ವರ್ಕ್‌ಶಾಪಿನಲ್ಲಿ, ನಿಮ್ಮದೇ ಕನ್ನಡದಲ್ಲಿ, ಹಿರಿಯ ವಿದ್ಯಾರ್ಥಿಯ ಹೆಗಲ ಮೇಲಿಂದ ಮೊಬೈಲ್ ಹಿಡಿದು ಒಂದೊಂದೇ ಕೆಲಸ ಚಿತ್ರಿಸಿ. ಲೇತ್‌ನ ಚಕ್ ಕೀ ತೆಗೆದ ಮೇಲೇ ಯಂತ್ರ ಚಾಲೂ ಮಾಡುವುದು ಅದರಲ್ಲಿ ಎದ್ದು ಕಾಣಲಿ. ಪಾಠ ಮುಗಿದೊಡನೆ ಮಕ್ಕಳನ್ನು ಯಂತ್ರದ ಮುಂದೆ ನಿಲ್ಲಿಸಿ, ನೀವು ಪಕ್ಕದಲ್ಲಿರಿ.