ಬೋರಿಂಗಿಗೆ ಮುನ್ನ ಒಂದು ಪ್ರಶ್ನೆ



ಲಿಂಗಸುಗೂರಿನಿಂದ ಮಸ್ಕಿ ಮಾರ್ಗವಾಗಿ ಸಿಂಧನೂರಿಗೆ ಹೋಗುವಾಗ ಸಿಗುವ ಊರುಗಳಲ್ಲಿ, ಹಳೆಯ ಮನೆಯ ಕೊಟ್ಟಿಗೆಯಲ್ಲೋ ಪಡಸಾಲೆಯ ಮೂಲೆಯಲ್ಲೋ ಗೋಣಿಚೀಲ ಹೊದ್ದು ನಿಂತ ಜಾವಾ ಅಥವಾ ಯೆಜ್ಡಿ ಮೋಟಾರ್ ಸೈಕಲ್ ಕಣ್ಣಿಗೆ ಬೀಳುವುದುಂಟು. ಅಜ್ಜ ಅದರ ಮೇಲೆ ಸಂತೆಗೆ ಹೋಗುತ್ತಿದ್ದರು. ಅಪ್ಪ ಅದರಲ್ಲೇ ಗಾಡಿ ಓಡಿಸುವುದನ್ನು ಕಲಿತರು. ಈಗ ಮೊಮ್ಮಗನಿಗೆ ಅದರ ಸದ್ದನ್ನು ಮತ್ತೆ ಕೇಳುವ ಆಸೆ. ಆಸೆ ಒಳ್ಳೆಯದೇ. ಆದರೆ ಈ ಕೆಲಸಕ್ಕೆ ಇಳಿದವರು ಸಾಮಾನ್ಯವಾಗಿ ಮೊದಲು ಕೈ ಹಾಕುವುದು ಕಾರ್ಬುರೇಟರಿಗೆ. ಅದು ಕೈಕೊಟ್ಟರೆ ಸಿಲಿಂಡರನ್ನು ಬೋರಿಂಗಿಗೆ ಹೊತ್ತೊಯ್ಯುತ್ತಾರೆ. ಈ ಎರಡಕ್ಕೂ ಮುನ್ನ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ: ಈ ಎಂಜಿನ್ ಕಾರ್ಬುರೇಟರನ್ನು ಬಿಟ್ಟು ಬೇರೆ ಎಲ್ಲಿಂದಾದರೂ ಗಾಳಿ ಎಳೆಯುತ್ತಿದೆಯೇ?

ಮೊದಲು ಗಾಡಿಯ ಪರಿಚಯ ಮಾಡಿಕೊಳ್ಳೋಣ. ಜಾವಾ ಎಂಬ ಹೆಸರು ಹುಟ್ಟಿದ್ದು ಚೆಕೊಸ್ಲೊವಾಕಿಯಾದಲ್ಲಿ, 1929ರಲ್ಲಿ. ಜಾನೆಚೆಕ್ ಎಂಬ ಉದ್ಯಮಿಯ ಹೆಸರಿನ ಮೊದಲ ಅಕ್ಷರವನ್ನೂ ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಹೆಸರಿನ ಮೊದಲ ಅಕ್ಷರವನ್ನೂ ಕೂಡಿಸಿದ ಹೆಸರದು. ನಮ್ಮ ನಾಡಿನಲ್ಲಿ ಇದನ್ನು ತಯಾರಿಸಿದ್ದು ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ. 1960ರ ದಶಕದ ಆರಂಭದಲ್ಲಿ ಅಲ್ಲಿ ತಯಾರಿಕೆ ಶುರುವಾಯಿತು. 1973ರಿಂದ ಗಾಡಿಗಳು ಯೆಜ್ಡಿ ಎಂಬ ಹೆಸರಿನಲ್ಲಿ ಬಂದವು. 1996ರಲ್ಲಿ ಕಾರ್ಖಾನೆ ಮುಚ್ಚಿತು. 2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಎಂಬ ಹೆಸರುಗಳು ಮಾರುಕಟ್ಟೆಗೆ ಮರಳಿ ಬಂದಿವೆ, ನಿಜ. ಆದರೆ ಇವು ನಾಲ್ಕು ಸ್ಟ್ರೋಕಿನ ಹೊಸ ಯಂತ್ರಗಳು. ಇವುಗಳ ಎಂಜಿನ್ನಿನ ಬಿಡಿಭಾಗಗಳು ಹಳೆಯ ಗಾಡಿಗೆ ಒದಗುವುದಿಲ್ಲ. ಆದ್ದರಿಂದ ಕೊಟ್ಟಿಗೆಯ ಗಾಡಿಯಲ್ಲಿ ಉಳಿದಿರುವ ಮೂಲ ಭಾಗವೇ ನಮ್ಮ ನಿಜವಾದ ಆಸ್ತಿ. ಅದನ್ನು ಕಳೆದುಕೊಳ್ಳುವುದು ಸುಲಭ, ಮತ್ತೆ ಗಳಿಸುವುದು ಕಷ್ಟ.

ಈ 250 ಸಿ.ಸಿ. ಗಾಡಿಯದು ಎರಡು ಸ್ಟ್ರೋಕಿನ ಎಂಜಿನ್. ಸಿಲಿಂಡರಿನ ಒಳವ್ಯಾಸ 65 ಮಿ.ಮೀ., ಪಿಸ್ಟನ್ನಿನ ಓಡಾಟ 75 ಮಿ.ಮೀ. ಪಿಸ್ಟನ್ ಮೇಲೇರಿದಾಗ ಅದರ ಕೆಳಗಿನ ಕ್ರ್ಯಾಂಕ್‌ಕೇಸಿನಲ್ಲಿ ಒತ್ತಡ ತಗ್ಗುತ್ತದೆ. ಆಗ ಕಾರ್ಬುರೇಟರಿನ ಮೂಲಕ ಗಾಳಿ ನುಗ್ಗಿ ಬರುತ್ತದೆ, ಬರುವಾಗ ಜೆಟ್ಟಿನಿಂದ ಪೆಟ್ರೋಲನ್ನೂ ಎಳೆದು ತರುತ್ತದೆ. ಪಿಸ್ಟನ್ ಕೆಳಗಿಳಿದಾಗ ಈ ಮಿಶ್ರಣ ಒತ್ತಡಕ್ಕೆ ಸಿಕ್ಕಿ, ಸಿಲಿಂಡರಿನ ಕಿಂಡಿಗಳ ಮೂಲಕ ಮೇಲೆ ಹೋಗುತ್ತದೆ. ಕಮ್ಮಾರನ ಕುಲುಮೆಯ ತಿದಿಯನ್ನು ನೆನಪಿಸಿಕೊಳ್ಳಿ. ಕ್ರ್ಯಾಂಕ್‌ಕೇಸ್ ಈ ಎಂಜಿನ್ನಿನ ತಿದಿ. ತಿದಿಯ ತೊಗಲಿನಲ್ಲಿ ತೂತು ಬಿದ್ದರೆ, ಕುಲುಮೆಯ ಇದ್ದಿಲು ಬದಲಿಸಿ ಫಲವೇನು?

ಕ್ರ್ಯಾಂಕಿನ ಎರಡೂ ತುದಿಗಳಲ್ಲಿ ರಬ್ಬರಿನ ಸೀಲುಗಳಿರುತ್ತವೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಇವು ಒಣಗಿ ಗಟ್ಟಿಯಾಗುತ್ತವೆ. ಡೈನಮೋ ಕಡೆಯ ಸೀಲು ಹೋದರೆ ಹೊರಗಿನ ಗಾಳಿ ನೇರವಾಗಿ ಒಳಗೆ ಬರುತ್ತದೆ, ಜೊತೆಗೆ ಪೆಟ್ರೋಲ್ ಬರುವುದಿಲ್ಲ. ಎರಡು ಸ್ಟ್ರೋಕಿನ ಗಾಡಿಯಲ್ಲಿ ಆಯಿಲ್ ಬೆರೆತಿರುವುದು ಪೆಟ್ರೋಲಿನಲ್ಲೇ ಎಂಬುದನ್ನು ಮರೆಯಬಾರದು. ಗಾಳಿಯ ಪಾಲು ಹೆಚ್ಚಾದರೆ ಬಿಸಿ ಏರುತ್ತದೆ, ಜೊತೆಗೇ ಆಯಿಲಿನ ಪಾಲೂ ಕಡಿಮೆಯಾಗುತ್ತದೆ. ಪಿಸ್ಟನ್ನಿಗೆ ಇದು ಎರಡು ಕಡೆಯ ಪೆಟ್ಟು. ಪ್ರೈಮರಿ ಚೈನಿನ ಕಡೆಯ ಸೀಲು ಹೋದರೆ ಲಕ್ಷಣ ಬೇರೆ: ಗೇರ್ ಆಯಿಲ್ ಕ್ರ್ಯಾಂಕ್‌ಕೇಸಿಗೆ ಇಳಿದು ದಟ್ಟ ಹೊಗೆ ಬರುತ್ತದೆ, ಪ್ಲಗ್ ಎಣ್ಣೆಯಲ್ಲಿ ತೊಯ್ಯುತ್ತದೆ.

ಇದನ್ನು ನಾನು ಕಲಿತದ್ದು ಪುಸ್ತಕದಿಂದಲ್ಲ, ನಷ್ಟದಿಂದ. ಬಹಳ ವರ್ಷಗಳ ಹಿಂದೆ ಲಿಂಗಸುಗೂರಿನಲ್ಲಿ ನನ್ನ ಸೋದರಮಾವನ ಯೆಜ್ಡಿಯನ್ನು ಮತ್ತೆ ಓಡಿಸಲು ಹೊರಟಿದ್ದೆ. ಗಾಡಿಯೇನೋ ಸ್ಟಾರ್ಟ್ ಆಯಿತು. ಆದರೆ ಆ್ಯಕ್ಸಿಲರೇಟರ್ ಬಿಟ್ಟರೂ ಎಂಜಿನ್ನಿನ ಓಟ ತಗ್ಗುತ್ತಿರಲಿಲ್ಲ. ಕಾರ್ಬುರೇಟರಿನದೇ ದೋಷವೆಂದುಕೊಂಡು ಒಂದು ವಾರ ಸ್ಕ್ರೂ ತಿರುಗಿಸಿದೆ, ಎರಡು ಸಲ ಜೆಟ್ ಬದಲಿಸಿದೆ. ಒಂದು ಮಧ್ಯಾಹ್ನ ಮಸ್ಕಿ ದಾಟಿ ಸಿಂಧನೂರಿನತ್ತ ಹೋಗುವಾಗ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಂಡಿತು. ಹಿಂದಿನ ಚಕ್ರ ತಟ್ಟನೆ ನಿಂತು ಗಾಡಿ ಅಡ್ಡಡ್ಡ ಜಾರಿತು. ಕೈ ಕ್ಲಚ್ಚಿನ ಮೇಲಿತ್ತು, ಹಿಂದೆ ಲಾರಿ ಇರಲಿಲ್ಲ. ಈ ಎರಡು ಕಾರಣಗಳಿಂದ ಬದುಕಿದೆ.

ಮರುದಿನವೇ ಸಿಲಿಂಡರ್ ಬೋರಿಂಗ್ ಮಾಡಿಸಿದೆ, ಹೊಸ ಪಿಸ್ಟನ್ ಹಾಕಿಸಿದೆ. ಒಂದು ತಿಂಗಳೊಳಗೆ ಮತ್ತೆ ಅದೇ ಕಥೆ. ಕೊನೆಗೆ ಸಿಂಧನೂರಿನ ಒಬ್ಬ ಹಿರಿಯ ಮಿಸ್ತ್ರಿ ಗಾಡಿ ಬಿಚ್ಚುವ ಮೊದಲು ನನ್ನ ಮಾತನ್ನೆಲ್ಲ ಕೇಳಿ, “ತಮ್ಮಾ, ಕಾರ್ಬುರೇಟರಿಗೆ ಯಾಕ ಬೈತೀಯೋ? ಗಾಡಿ ಬ್ಯಾರೆ ಕಡಿಂದ ಗಾಳಿ ಎಳ್ಯಾಕತ್ತೈತಿ” ಎಂದರು. ಡೈನಮೋ ತೆಗೆದು ಹಿಂದಿದ್ದ ಸೀಲನ್ನು ಕಿತ್ತರೆ, ಅದು ಒಣಗಿದ ತೊಗಟೆಯಂತೆ ಮುರಿದು ಕೈಗೆ ಬಂತು. ಎರಡು ಬೋರಿಂಗ್, ಎರಡು ಪಿಸ್ಟನ್ನುಗಳ ಖರ್ಚಿನ ಮುಂದೆ ಆ ಸೀಲಿನ ಬೆಲೆ ಲೆಕ್ಕಕ್ಕೇ ಇರಲಿಲ್ಲ.

ಹಣ ಹೋದದ್ದಕ್ಕಿಂತ ದೊಡ್ಡ ನಷ್ಟ ಇನ್ನೊಂದಿದೆ. ಓವರ್‌ಸೈಜ್ ಪಿಸ್ಟನ್ನುಗಳು ಕಾಲು ಮಿಲಿಮೀಟರಿನ ಮೆಟ್ಟಿಲುಗಳಲ್ಲಿ ಬರುತ್ತವೆ. ಸಿಲಿಂಡರನ್ನು ಸಾಮಾನ್ಯವಾಗಿ ಒಂದು ಮಿಲಿಮೀಟರಿನವರೆಗೆ ಮಾತ್ರ ಹಿಗ್ಗಿಸುತ್ತಾರೆ. ಅಂದರೆ ಸಿಲಿಂಡರಿನ ಆಯುಷ್ಯ ಬೆರಳೆಣಿಕೆಯದು. ಕಾರಣ ತಿಳಿಯದೆ ಮಾಡಿಸಿದ ಪ್ರತಿ ಬೋರಿಂಗೂ ಅದರಲ್ಲಿ ಒಂದನ್ನು ತಿನ್ನುತ್ತದೆ. ಹೊಸ ಲೈನರ್ ಕೂಡಿಸಬಹುದಾದರೂ, ಅದರಲ್ಲಿ ಕಿಂಡಿಗಳನ್ನು ಮೊದಲಿನ ಎತ್ತರಕ್ಕೆ, ಮೊದಲಿನ ಆಕಾರಕ್ಕೆ ಕೊರೆಯಬಲ್ಲವರು ಎಲ್ಲ ಊರಿನಲ್ಲೂ ಸಿಗುವುದಿಲ್ಲ.

ಹಾಗಾದರೆ ಕೆಲಸದ ಕ್ರಮ ಹೇಗಿರಬೇಕು?

ಮೊದಲನೆಯದು, ಓದುವುದು. ಮಸ್ಕಿಯವರಿಗೆ ಓದಿನ ಬೆಲೆಯನ್ನು ಹೇಳಬೇಕಾಗಿಲ್ಲ. 1915ರಲ್ಲಿ ಅಲ್ಲಿ ಬೆಳಕಿಗೆ ಬಂದ ಬಂಡೆಗಲ್ಲಿನ ಶಾಸನದಲ್ಲಿ ಅಶೋಕ ಎಂಬ ಹೆಸರು ಇದ್ದುದರಿಂದಲೇ, ದೇವಾನಾಂಪ್ರಿಯ ಎಂಬ ಬಿರುದಿನ ಅರಸ ಯಾರೆಂಬುದು ಖಚಿತವಾಯಿತು. ಬಿಚ್ಚಿದ ಪಿಸ್ಟನ್ನೂ ಒಂದು ಶಾಸನವೇ. ಅದನ್ನು ಉಜ್ಜಿ ತೊಳೆಯುವ ಮೊದಲು ನೋಡಿ. ಹೊಗೆ ಹೋಗುವ ಬದಿಯಲ್ಲಿ ಆಳವಾದ ಗೀರುಗಳಿದ್ದರೆ ಅತಿಯಾದ ಬಿಸಿಯ ಸೂಚನೆ. ಗಾಳಿ ಬರುವ ಬದಿಯಲ್ಲಿ ಮೈಯೆಲ್ಲ ಮಂಕಾಗಿ, ಸಣ್ಣ ಗೆರೆಗಳಲ್ಲಿ ಸವೆದಿದ್ದರೆ ಧೂಳು ಒಳಹೊಕ್ಕಿದೆ. ಸುತ್ತಲೂ ನಾಲ್ಕು ಕಡೆ ಕಚ್ಚಿದ ಗುರುತಿದ್ದರೆ ಪಿಸ್ಟನ್ ಬಿಗಿಯಾಯಿತು, ಇಲ್ಲವೇ ತಣ್ಣನೆಯ ಎಂಜಿನ್ನನ್ನು ಒಮ್ಮೆಲೇ ಓಡಿಸಲಾಯಿತು ಎಂದು ಅರ್ಥ.

ಎರಡನೆಯದು, ತಿದಿಯ ಪರೀಕ್ಷೆ. ಎಂಜಿನ್ ಜೋಡಿಸಿದ ಮೇಲೆ ಹೊಗೆಯ ಕಿಂಡಿಗಳನ್ನೂ ಕಾರ್ಬುರೇಟರ್ ಕೂರುವ ಬಾಯಿಯನ್ನೂ ರಬ್ಬರಿನಿಂದ ಭದ್ರವಾಗಿ ಮುಚ್ಚಿ, ಒಂದು ಸಣ್ಣ ಕೈಪಂಪಿನಿಂದ ಐದಾರು ಪಿ.ಎಸ್.ಐ. ಒತ್ತಡ ಕೊಡಬೇಕು. ಟೈರಿಗೆ ಗಾಳಿ ತುಂಬುವ ಕಂಪ್ರೆಸರ್ ಬೇಡ, ಅದರ ಒತ್ತಡಕ್ಕೆ ಸೀಲೇ ಹೊರಬಂದೀತು. ಕೆಲವು ನಿಮಿಷ ಮುಳ್ಳು ಬಹುಮಟ್ಟಿಗೆ ಅಲುಗದೆ ನಿಂತರೆ ಎಂಜಿನ್ ಭದ್ರವಾಗಿದೆ. ಇಳಿದರೆ ಕೀಲುಗಳಿಗೆಲ್ಲ ಸಾಬೂನಿನ ನೀರು ಹಚ್ಚಿ, ಎಲ್ಲಿ ಗುಳ್ಳೆ ಏಳುತ್ತದೆ ನೋಡಿ. ಈ ಪರೀಕ್ಷೆಗೆ ಅರ್ಧ ಗಂಟೆ ಸಾಕು.

ಮೂರನೆಯದು, ಕಿಡಿ. ಸವೆದ ಪಾಯಿಂಟು, ಸೋತ ಕಂಡೆನ್ಸರ್, ತಪ್ಪಿದ ಟೈಮಿಂಗ್, ಇವೆಲ್ಲ ಕಾರ್ಬುರೇಟರ್ ದೋಷದ ವೇಷ ಹಾಕಿ ಬರುತ್ತವೆ. ಇವನ್ನು ಸರಿಪಡಿಸದೆ ಜೆಟ್ ಮುಟ್ಟಬಾರದು. ಹಾಗೆಯೇ ಸೈಲೆನ್ಸರ್ ಒಳಗಿನ ಕೊಳವೆಯಲ್ಲಿ ಮಸಿ ಕಟ್ಟಿದ್ದರೂ ಎಂಜಿನ್ ಉಸಿರುಗಟ್ಟುತ್ತದೆ. ಅದನ್ನೂ ಬಿಚ್ಚಿ ಸ್ವಚ್ಛಗೊಳಿಸಿ.

ಇಷ್ಟಾದ ಮೇಲೆ ಕಾರ್ಬುರೇಟರಿನ ಸರದಿ. ಈ ಗಾಡಿಗಳಲ್ಲಿ ಹೆಚ್ಚಾಗಿ ಇರುವುದು ಜಿಕೋವ್ ಮಾದರಿಯದು. ಜೆಟ್ಟಿನ ರಂಧ್ರಕ್ಕೆ ತಂತಿ ತೂರಿಸಬೇಡಿ. ಹಿತ್ತಾಳೆ ಮೃದು ಲೋಹ, ಕೂದಲೆಳೆಯಷ್ಟು ಸವೆದರೂ ಅಳತೆ ತಪ್ಪುತ್ತದೆ. ದ್ರಾವಣದಲ್ಲಿ ನೆನೆಸಿ ಗಾಳಿ ಊದಿದರೆ ಸಾಕು. ಫ್ಲೋಟನ್ನು ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ. ಗುಳ್ಳೆ ಬಂದರೆ ತೂತಿದೆ. ಎಂಜಿನ್ನಿಗೆ ಅಂಟುವ ಫ್ಲೇಂಜ್ ಅತಿಯಾಗಿ ಬಿಗಿದು ಬಾಗಿದ್ದರೆ, ಗಾಜಿನ ಮೇಲೆ ನಯವಾದ ಎಮರಿ ಹಾಳೆ ಹಾಸಿ ಉಜ್ಜಿ ಸಮ ಮಾಡಿ. ಒಳಗಿನ ಸ್ಲೈಡ್ ಮೈಯಲ್ಲಿ ಸವೆದು ಗಡಗಡ ಅಲುಗುತ್ತಿದ್ದರೆ ಅಲ್ಲಿಂದಲೂ ಗಾಳಿ ನುಸುಳುತ್ತದೆ.

ಹೊಂದಾಣಿಕೆಗೂ ಒಂದು ನಿಯಮವಿದೆ. ಆ್ಯಕ್ಸಿಲರೇಟರನ್ನು ಎಂಟನೇ ಒಂದು ಭಾಗ ತಿರುಗಿಸುವವರೆಗೆ ಪೈಲಟ್ ಜೆಟ್ಟಿನ ಅಧಿಕಾರ. ಅಲ್ಲಿಂದ ಕಾಲು ಭಾಗದವರೆಗೆ ಸ್ಲೈಡಿನ ಅಂಚಿನದು. ಕಾಲಿನಿಂದ ಮುಕ್ಕಾಲಿನವರೆಗೆ ಸೂಜಿಯದು. ಅದರಾಚೆ ಮೇನ್ ಜೆಟ್ಟಿನದು. ತೊಂದರೆ ಯಾವ ಹಂತದಲ್ಲಿ ಕಾಣುತ್ತದೆಯೋ ಆ ಭಾಗವನ್ನು ಮಾತ್ರ ಮುಟ್ಟಿ, ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಿ. ಪ್ಲಗ್ ತೆಗೆದು ನೋಡಿದಾಗ ಅದರ ಪಿಂಗಾಣಿ ತಿಳಿ ಕಂದು ಬಣ್ಣಕ್ಕಿದ್ದರೆ ಸರಿಯಾಗಿದೆ. ಸುಣ್ಣದಂತೆ ಬಿಳುಪಾಗಿದ್ದರೆ ಅಪಾಯ.

ಇಂದಿನ ಪೆಟ್ರೋಲಿನ ಬಗೆಗೂ ಎರಡು ಮಾತು. ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿಗೆ ಶೇಕಡಾ 20ರವರೆಗೆ ಎಥೆನಾಲ್ ಬೆರೆತಿರುತ್ತದೆ. ಬರಿಯ ಪೆಟ್ರೋಲ್ ಪೂರ್ತಿ ಉರಿಯಲು ತೂಕದಲ್ಲಿ ಅದರ ಸುಮಾರು 14.7 ಪಟ್ಟು ಗಾಳಿ ಬೇಕು, ಎಥೆನಾಲಿಗೆ 9 ಪಟ್ಟು ಸಾಕು. ಆದ್ದರಿಂದ ಹಳೆಯ ಜೆಟ್ಟಿನಲ್ಲಿ ಇಂದಿನ ಇಂಧನ ಹಾಕಿದಾಗ ಮಿಶ್ರಣ ತುಸು ತೆಳುವಾಗುತ್ತದೆ. ಸೂಜಿಯನ್ನು ಒಂದು ಗಾಡಿ ಮೇಲೆತ್ತುವುದೋ, ಮೇನ್ ಜೆಟ್ಟನ್ನು ಒಂದು ಅಳತೆ ದೊಡ್ಡದು ಮಾಡುವುದೋ ಬೇಕಾಗಬಹುದು. ಎಥೆನಾಲ್ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಕೆಡಿಸುತ್ತದೆ. ಗಾಡಿ ತಿಂಗಳುಗಟ್ಟಲೆ ನಿಲ್ಲುವುದಾದರೆ ಕಾರ್ಬುರೇಟರನ್ನೂ ಟ್ಯಾಂಕನ್ನೂ ಖಾಲಿ ಮಾಡಿಡಿ. ಪೆಟ್ರೋಲ್ ಪೈಪನ್ನೂ ಸೀಲುಗಳನ್ನೂ ಎಥೆನಾಲ್ ತಡೆಯುವ ಹೊಸ ರಬ್ಬರಿನವನ್ನೇ ಹಾಕಿಸಿ.

ನಮ್ಮ ಸೀಮೆಯ ಧೂಳಿಗೂ ಈ ಲೆಕ್ಕದಲ್ಲಿ ಪಾಲಿದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಿಂದ ಸಿಂಧನೂರು ಭತ್ತದ ನಾಡಾಗಿದೆ. ಕಟಾವಿನ ಕಾಲದಲ್ಲಿ ಕಪ್ಪು ಮಣ್ಣಿನ ನಯವಾದ ಧೂಳು, ಭತ್ತದ ಹೊಟ್ಟು ಎರಡೂ ಗಾಳಿಯಲ್ಲಿರುತ್ತವೆ. ಸದ್ದು ಗಡುಸಾಗಲೆಂದು ಏರ್ ಫಿಲ್ಟರ್ ಕಿತ್ತೆಸೆಯುವ ಹುಡುಗರನ್ನು ನೋಡಿದ್ದೇನೆ. ಆ ಧೂಳು ಪೆಟ್ರೋಲ್ ಜೊತೆ ಮೊದಲು ಕ್ರ್ಯಾಂಕಿನ ಬೇರಿಂಗಿಗೆ, ಆಮೇಲೆ ಸಿಲಿಂಡರಿಗೆ ಹೋಗುತ್ತದೆ. ಫಿಲ್ಟರ್ ಇಲ್ಲದ ಗಾಡಿಗೆ ಹೊಸ ಪಿಸ್ಟನ್ ಹಾಕಿಸುವುದು ತೂತು ಕೊಡಕ್ಕೆ ನೀರು ತುಂಬಿದ ಹಾಗೆ.

ಕೊನೆಗೂ ಬೋರಿಂಗ್ ಅನಿವಾರ್ಯವಾದರೆ, ಹೊಸ ಪಿಸ್ಟನ್ ಕೈಯಲ್ಲಿಟ್ಟುಕೊಂಡೇ ಹೋಗಿ. ಆ ಪಿಸ್ಟನ್ನಿನ ಅಳತೆಗೆ ತಕ್ಕಂತೆ ಕೊರೆಯಬೇಕು. ನಮ್ಮಲ್ಲಿ ಟ್ರ್ಯಾಕ್ಟರ್ ಎಂಜಿನ್ ಬೋರಿಂಗ್ ಮಾಡುವ ನುರಿತ ಕೈಗಳಿವೆ. ಆದರೆ ಎರಡು ಸ್ಟ್ರೋಕಿನ ಸಿಲಿಂಡರಿನ ಗೋಡೆಯಲ್ಲಿ ಕಿಂಡಿಗಳಿವೆ ಎಂಬುದನ್ನು ನೆನಪಿಸಿ. ಕೊರೆದ ಮೇಲೆ ಕಿಂಡಿಗಳ ಅಂಚನ್ನು ನಯಗೊಳಿಸದಿದ್ದರೆ ರಿಂಗ್ ಸಿಕ್ಕಿ ಮುರಿಯುತ್ತದೆ. ಕನೆಕ್ಟಿಂಗ್ ರಾಡನ್ನು ಮೇಲೆ ಕೆಳಗೆ ಎಳೆದಾಗ ಆಟ ಗೊತ್ತಾದರೆ ಬಿಗ್ ಎಂಡ್ ಬೇರಿಂಗ್ ಸವೆದಿದೆ. ಪಕ್ಕಕ್ಕೆ ಸ್ವಲ್ಪ ಅಲುಗುವುದು ಸಹಜ. ಕ್ರ್ಯಾಂಕ್ ಬಿಚ್ಚಿ ಕೂಡಿಸಿದ ಮೇಲೆ ಡಯಲ್ ಗೇಜ್ ಇಟ್ಟು ನೇರವಿದೆಯೇ ಎಂದು ಕಣ್ಣೆದುರೇ ನೋಡಿಸಿಕೊಳ್ಳಿ. ಓಲಾಡುವ ಕ್ರ್ಯಾಂಕ್ ಹೊಸ ಸೀಲನ್ನೂ ಬೇಗ ತಿನ್ನುತ್ತದೆ.

ಹೊಸದಾಗಿ ಕಟ್ಟಿದ ಎಂಜಿನ್ನಿಗೆ ಲೀಟರ್ ಪೆಟ್ರೋಲಿಗೆ 50 ಮಿ.ಲೀ. ಟೂ-ಟಿ ಆಯಿಲ್ ಬೆರೆಸಿ. ಮೊದಲ 500 ಕಿಲೋಮೀಟರ್ ಅರ್ಧ ಆ್ಯಕ್ಸಿಲರೇಟರ್ ದಾಟಬೇಡಿ. ಬೇಸಿಗೆಯಾದರೆ ಬೆಳಗಿನ ಹೊತ್ತೇ ಓಡಿಸಿ, ನಡುನಡುವೆ ನಿಲ್ಲಿಸಿ ತಣಿಸಿ. ವೇಗದಲ್ಲಿದ್ದಾಗ ಆ್ಯಕ್ಸಿಲರೇಟರ್ ಪೂರ್ತಿ ಮುಚ್ಚಿ ಬಹು ದೂರ ಜಾರಿಸಬೇಡಿ. ಪೆಟ್ರೋಲ್ ನಿಂತರೆ ಆಯಿಲೂ ನಿಲ್ಲುತ್ತದೆ. ಎರಡು ಬೆರಳು ಸದಾ ಕ್ಲಚ್ಚಿನ ಮೇಲಿರಲಿ.

ಹಳೆಯ ಭಾಗಗಳನ್ನು ಗುಜರಿಗೆ ಹಾಕಬೇಡಿ. 50 ವರ್ಷ ಮೀರಿದ, ಮೂಲ ರೂಪದಲ್ಲೇ ಉಳಿದ ವಾಹನಗಳಿಗೆ ವಿಂಟೇಜ್ ನೋಂದಣಿ ನೀಡುವ ನಿಯಮ 2021ರಲ್ಲಿ ಬಂದಿದೆ. ಅಂಥ ನೋಂದಣಿಯ ಗಾಡಿಯನ್ನು ನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ, ಪ್ರದರ್ಶನ ಮೊದಲಾದ ಸಂದರ್ಭಗಳಿಗೆ ಮಾತ್ರ ರಸ್ತೆಗಿಳಿಸಬಹುದು. ಯಾವ ನೋಂದಣಿ ನಿಮಗೆ ಹೊಂದುತ್ತದೆ ಎಂಬುದನ್ನು ಕೆಲಸ ಆರಂಭಿಸುವ ಮೊದಲೇ ವಿಚಾರಿಸಿಕೊಳ್ಳಿ.

ಆ ಹಿರಿಯ ಮಿಸ್ತ್ರಿ ಈಗಿಲ್ಲ. ನಮ್ಮ ಊರುಗಳಲ್ಲಿ ಅಂಥ ಕೆಲವರು ಇನ್ನೂ ಇದ್ದಾರೆ. ಅವರ ಅಂಗಡಿಗೆ ಗಾಡಿ ಒಯ್ದಾಗ, ಬಿಟ್ಟು ಬರಬೇಡಿ. ಪಕ್ಕದಲ್ಲಿ ಕುಳಿತು ಅವರು ಮೊದಲು ಏನನ್ನು ನೋಡುತ್ತಾರೆ, ಏನನ್ನು ಕೇಳುತ್ತಾರೆ ಎಂಬುದನ್ನು ಬರೆದಿಟ್ಟುಕೊಳ್ಳಿ. ಮಾವನ ಯೆಜ್ಡಿ ಇಂದಿಗೂ ನಮ್ಮ ಮನೆಯಲ್ಲಿದೆ. ಅದರ ಸಿಲಿಂಡರಿಗೆ ಇನ್ನು ಒಂದೇ ಬೋರಿಂಗ್ ಉಳಿದಿದೆ. ನಿಮ್ಮ ಗಾಡಿಗೆ ಎಷ್ಟು ಉಳಿದಿದೆ ಎಂದು ಅಳೆದು ನೋಡಿ, ಆಮೇಲೆ ಸ್ಪ್ಯಾನರ್ ಎತ್ತಿಕೊಳ್ಳಿ.